ನಾಯಿಯ ಟಿಕ್ ಫೀವರ್ ಬ್ಯಾಕ್ಟೀರಿಯಾ ಏನು ತಿಂದು ಬದುಕುತ್ತೆ? ಲ್ಯಾಪ್‌ಟಾಪಲ್ಲೇ ಹುಡುಕೋಕೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ನಾಯಿ ಸಾಕಿರೋರಿಗೆ ಟಿಕ್ ಫೀವರ್ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ. ನಾಯಿ ಊಟ ಬಿಡುತ್ತೆ, ಮೈ ಕಾದಿರುತ್ತೆ, ಬ್ಲಡ್ ಟೆಸ್ಟ್ ಮಾಡಿಸಿದ್ರೆ ಪ್ಲೇಟ್‌ಲೆಟ್ ಕುಸಿದಿರುತ್ತೆ, ಡಾಕ್ಟ್ರು ಡಾಕ್ಸಿಸೈಕ್ಲಿನ್ ಬರ್ಕೊಡ್ತಾರೆ. ಇದರ ಹಿಂದಿರೋ ಮುಖ್ಯ ಆಸಾಮಿಗಳಲ್ಲಿ ಒಂದು ಎರ್ಲಿಕಿಯಾ ಕ್ಯಾನಿಸ್ ಅನ್ನೋ ಬ್ಯಾಕ್ಟೀರಿಯಾ, ಅದನ್ನ ಸಾಗಿಸೋದು ಕಂದು ಬಣ್ಣದ ನಾಯಿ ಉಣ್ಣಿ. ಗೀಮ್ಸಾ ಸ್ಟೇನ್ ಹಾಕಿದ ರಕ್ತದ ಸ್ಲೈಡನ್ನ ಆಯಿಲ್ ಇಮ್ಮರ್ಷನ್ ಲೆನ್ಸ್ ಕೆಳಗಿಟ್ಟು ತಾಳ್ಮೆಯಿಂದ ಹುಡುಕಿದ್ರೆ, ಅದೃಷ್ಟ ಇದ್ರೆ, ಒಂದು ಮೊನೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಒಳಗೆ ನ್ಯೂಕ್ಲಿಯಸ್ ಪಕ್ಕದಲ್ಲೇ ನೀಲಿ-ನೇರಳೆ ಚುಕ್ಕಿಗಳು ಒತ್ತೊತ್ತಾಗಿ ಗುಂಪು ಕಟ್ಕೊಂಡಿರೋದು ಕಾಣುತ್ತೆ. ಆ ಒಂದೊಂದು ಚುಕ್ಕಿನೂ ಒಂದೊಂದು ಬ್ಯಾಕ್ಟೀರಿಯಾ, ಒಂದು ಎರಡಾಗ್ಬೇಕಂದ್ರೆ ಅಮೈನೋ ಆಸಿಡ್ ಬೇಕು, ಕೊಬ್ಬು ಬೇಕು, ಕಬ್ಬಿಣ ಬೇಕು, ಡಿಎನ್‌ಎ ಕಟ್ಟೋ ಸಾಮಾನು ಬೇಕು. ಇದೆಲ್ಲ ಎಲ್ಲಿಂದ ಬಂತು?

ಇದನ್ನ ಹುಡುಕೋಕೆ ಲ್ಯಾಬ್ ಬೇಕಿಲ್ಲ, ಮೊದಲ ಮುಕ್ಕಾಲು ಭಾಗ ಕೂತಲ್ಲೇ ಮಾಡ್ಬಹುದು. ಆದ್ರೆ ಮಾಡೋ ರೀತಿ ಗೊತ್ತಿರ್ಬೇಕು. ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡೋ ಎಡವಟ್ಟು ಒಂದೇ: "ಈ ಜೀನ್ ಇಲ್ಲ, ಹಾಗಾಗಿ ಇದನ್ನ ಹೋಸ್ಟಿಂದ (ಅಂದ್ರೆ ತಾನು ಸೇರ್ಕೊಂಡಿರೋ ಪ್ರಾಣಿ ಅಥವಾ ಜೀವಕೋಶದಿಂದ) ಕದಿಯುತ್ತೆ" ಅಂತ ಒಂದೇ ಸಾಲಲ್ಲಿ ಮುಗಿಸಿಬಿಡೋದು. ಆ ಎರಡು ಮಾತಿನ ಮಧ್ಯೆ ಎಷ್ಟು ಕೆಲಸ ಇದೆ ಅನ್ನೋದೇ ಈ ಗೈಡ್.

ಏನೇನು ಬೇಕು

ಒಂದು ಲ್ಯಾಪ್‌ಟಾಪ್, ಸುಮಾರಾದ ನೆಟ್, ಒಂದು ಸ್ಪ್ರೆಡ್‌ಶೀಟ್, ಬಿಎಸ್ಸಿ ಮಟ್ಟದ ಬಯೋಕೆಮಿಸ್ಟ್ರಿ. ಕೋಡಿಂಗ್ ಬರ್ದೇ ಇದ್ರೂ ನಡೆಯುತ್ತೆ. ಶೀಟಲ್ಲಿ ಐದು ಕಾಲಂ ಮಾಡ್ಕೊಳ್ಳಿ: ಯಾವ ನ್ಯೂಟ್ರಿಯೆಂಟ್, ತಾನೇ ತಯಾರಿಸೋ ದಾರಿ ಇದ್ಯಾ, ಒಳಗೆ ತರೋ ಟ್ರಾನ್ಸ್‌ಪೋರ್ಟರ್ (ಪೊರೆ ದಾಟಿಸೋ ಪ್ರೋಟೀನ್) ಇದ್ಯಾ, ಅದು ವಾಸ ಮಾಡೋ ಜಾಗದಲ್ಲಿ ಆ ವಸ್ತು ಸಿಗುತ್ತಾ, ಎಕ್ಸ್‌ಪೆರಿಮೆಂಟ್ ಮಾಡಿ ಯಾರಾದ್ರೂ ತೋರಿಸಿದ್ದಾರಾ. ಐದನೇ ಕಾಲಂ ಖಾಲಿ ಬಿಟ್ಟು ರಿಪೋರ್ಟ್ ಸಬ್ಮಿಟ್ ಮಾಡೋರೇ ಜಾಸ್ತಿ, ಆದ್ರೆ ಇರೋದ್ರಲ್ಲಿ ಬೆಲೆ ಇರೋದು ಅದಕ್ಕೇ.

ಹಂತ 1: ಅದು ಬ್ಯಾಕ್ಟೀರಿಯಾನೇನಾ ಅಂತ ಮೊದಲು ನೋಡ್ಕೊಳ್ಳಿ

ನಗಬೇಡಿ, ಇಲ್ಲೇ ಎಡವೋರಿದ್ದಾರೆ. ಕರ್ನಾಟಕದಲ್ಲಿ ಉಣ್ಣಿಯಿಂದ ಬರೋ ಕಾಯಿಲೆ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಮಂಗನ ಕಾಯಿಲೆ, ಅಂದ್ರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ರ ಮೊದಲು ಗುರುತಿಸಿದ ಕೆಎಫ್‌ಡಿ. ಅದು ವೈರಸ್. ವೈರಸ್‌ಗೆ ತನ್ನದೇ ಆದ ಮೆಟಬಾಲಿಸಂ ಇಲ್ಲ, ನ್ಯೂಟ್ರಿಯೆಂಟ್ ಎಳ್ಕೊಳ್ಳೋ ಪ್ರಶ್ನೆನೇ ಬರಲ್ಲ, ಡಾಕ್ಸಿಸೈಕ್ಲಿನ್ನೂ ಅದರ ಮೇಲೆ ಕೆಲಸ ಮಾಡಲ್ಲ. ನಾಯಿಗಳಲ್ಲಿ ಟಿಕ್ ಫೀವರ್ ಹೆಸರಲ್ಲೇ ಓಡಾಡೋ ಬೇಬೀಸಿಯಾ ಕೂಡ ಬ್ಯಾಕ್ಟೀರಿಯಾ ಅಲ್ಲ, ಪ್ರೋಟೋಜೋವಾ. ಈ ಎರಡನ್ನೂ ಪಕ್ಕಕ್ಕಿಡಿ.

ಉಳಿಯೋದ್ರಲ್ಲಿ ನನ್ನ ಸಲಹೆ: ಕೈ ಪಳಗೋಕೆ ಮೊದಲು ಲೈಮ್ ಕಾಯಿಲೆಯ ಬೊರೀಲಿಯಾ ಬರ್ಗ್‌ಡಾರ್ಫೆರಿ ತಗೊಳ್ಳಿ, ಆಮೇಲೆ ನಮ್ಮೂರ ಎರ್ಲಿಕಿಯಾ ಕ್ಯಾನಿಸ್‌ಗೆ ಬನ್ನಿ. ಲೈಮ್ ನಮ್ಮ ಬೀದಿ ಕಾಯಿಲೆ ಅಲ್ಲ ನಿಜ, ಆದ್ರೆ ಬೊರೀಲಿಯಾನ ಟ್ಯೂಬಲ್ಲಿ ಬೆಳೆಸ್ಬಹುದು, ಜೀನ್ ಕಿತ್ತು ನೋಡ್ಬಹುದು, ಹಾಗಾಗಿ ಅದರ ಬಗ್ಗೆ ಪುರಾವೆ ರಾಶಿ ಬಿದ್ದಿದೆ, ನೀವು ಊಹೆ ಮಾಡಿದ್ದು ಸರಿನಾ ತಪ್ಪಾ ಅಂತ ಚೆಕ್ ಮಾಡ್ಕೊಳ್ಳೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ.

ಹಂತ 2: ಎಲ್ಲಿ ವಾಸ ಮಾಡುತ್ತೆ ಅಂತ ಬರ್ಕೊಳ್ಳಿ

ಇದನ್ನ ಬಿಟ್ಟು ನೇರ ಜೀನೋಮ್‌ಗೆ ಹಾರಬೇಡಿ. ಬೊರೀಲಿಯಾ ಜೀವಕೋಶಗಳ ಹೊರಗೇ ಇರುತ್ತೆ, ಉಣ್ಣಿಯ ಕರುಳಲ್ಲಿ, ಆಮೇಲೆ ಪ್ರಾಣಿಯ ಚರ್ಮ, ಕೀಲುಗಳಲ್ಲಿ. ಎರ್ಲಿಕಿಯಾ ಕ್ಯಾನಿಸ್ ಮೊನೊಸೈಟ್ ಒಳಗೆ ಒಂದು ಪೊರೆಯ ಚೀಲದಲ್ಲಿ. ಅದರ ಹತ್ತಿರದ ಸಂಬಂಧಿ ಅನಾಪ್ಲಾಸ್ಮಾ ಫ್ಯಾಗೋಸೈಟೋಫಿಲಮ್ ನ್ಯೂಟ್ರೋಫಿಲ್ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣದೊಳಗೆ, ಅದೂ ಚೀಲದಲ್ಲೇ. ಇಂಡಿಯನ್ ಟಿಕ್ ಟೈಫಸ್‌ಗೆ ಕಾರಣವಾದ ರಿಕೆಟ್ಸಿಯಾ ಕೊನೋರಿ ಗುಂಪಿನದ್ದು ಚೀಲ ಹರಿದು ಹೊರಬಂದು ನೇರವಾಗಿ ಸೈಟೋಪ್ಲಾಸಮಲ್ಲೇ ತೇಲಾಡುತ್ತೆ. ಕಾಕ್ಸಿಯೆಲ್ಲಾ ಬರ್ನೆಟಿ, ಕ್ಯೂ ಫೀವರ್‌ದು, ಉಣ್ಣಿಗಳಲ್ಲೂ ಸಿಗುತ್ತೆ, ಆದ್ರೆ ಜನರಿಗೆ ಹೆಚ್ಚಾಗಿ ಕುರಿ, ಮೇಕೆ, ದನಗಳ ಕಡೆಯಿಂದ ಗಾಳಿಯಲ್ಲಿ ಬರುತ್ತೆ, ಅದು ಇರೋದು ಆಸಿಡ್ ತುಂಬಿದ ಚೀಲದಲ್ಲಿ.

ಈಗ ಪೊರೆ ಎಣಿಸಿ. ರಕ್ತದಲ್ಲಿರೋ ಪ್ರೋಲೀನ್ ಅನ್ನೋ ಒಂದು ಅಮೈನೋ ಆಸಿಡ್ ಎರ್ಲಿಕಿಯಾ ಒಳಗೆ ಹೋಗ್ಬೇಕಂದ್ರೆ ಮೊನೊಸೈಟಿನ ಹೊರಪೊರೆ, ಚೀಲದ ಪೊರೆ, ಬ್ಯಾಕ್ಟೀರಿಯಾದ ಹೊರಪೊರೆ, ಒಳಪೊರೆ, ಹೀಗೆ ನಾಲ್ಕು ದಾಟ್ಬೇಕು. ರಿಕೆಟ್ಸಿಯಾಗೆ ಮೂರೇ, ಅದೂ ಜೀವಕೋಶ ತನಗೋಸ್ಕರ ತಯಾರಿಸಿಟ್ಕೊಂಡಿರೋ ಎಟಿಪಿ (ಶಕ್ತಿ ಹೊತ್ತಿರೋ ಅಣು) ಸುತ್ತಲೂ ತೇಲ್ತಾ ಇರುತ್ತೆ. ಬೊರೀಲಿಯಾಗೆ ಎರಡೇ, ಆದ್ರೆ ಹೊರಗಡೆ ಎಟಿಪಿ ಎಲ್ಲಿ ಸಿಗ್ಬೇಕು. ಈ ಲೆಕ್ಕ ಮುಂದೆ ಆರನೇ ಹಂತದಲ್ಲಿ ಕೈ ಹಿಡಿಯುತ್ತೆ.

ಹಂತ 3: ಜೀನೋಮ್ ಇಳಿಸ್ಕೊಳ್ಳಿ, ಪೂರ್ತಿ ಇಳಿಸ್ಕೊಳ್ಳಿ

ಎನ್‌ಸಿಬಿಐ (ಅಮೆರಿಕದ ಸರ್ಕಾರಿ ಜೀನ್ ಡೇಟಾಬೇಸ್) ಸೈಟಲ್ಲಿ ಜೀನೋಮ್ ವಿಭಾಗಕ್ಕೆ ಹೋಗಿ ಹೆಸರು ಹಾಕಿ, ರೆಫರೆನ್ಸ್ ಅಂತ ಗುರುತು ಇರೋ ಕಂಪ್ಲೀಟ್ ಜೀನೋಮ್ ಆರಿಸಿ, ಪ್ರೋಟೀನ್ ಫೈಲು ಮತ್ತು ಆನೋಟೇಷನ್ ಫೈಲು (ಯಾವ ಜೀನ್ ಎಲ್ಲಿದೆ, ಏನು ಮಾಡುತ್ತೆ ಅನ್ನೋ ಪಟ್ಟಿ) ಎರಡೂ ಇಳಿಸಿ. ಬೊರೀಲಿಯಾ ಅಂತ ಹುಡುಕಿದ್ರೆ ಅಲ್ಲಿ ಬೊರೀಲಿಯೆಲ್ಲಾ ಅಂತ ತೋರಿಸುತ್ತೆ, ಗಾಬರಿ ಬೇಡ, ಕುಲದ ಹೆಸರು ಬದಲಾಯಿಸಿ ಇಟ್ಟಿದ್ದಾರೆ, ಅದೇ ಬ್ಯಾಕ್ಟೀರಿಯಾ. ಸ್ಟ್ರೇನ್ ಬಿ31 ತಗೊಳ್ಳಿ. ಕ್ಯಾನಿಸ್‌ಗೆ ಜೇಕ್ ಅನ್ನೋ ಸ್ಟ್ರೇನು, 2006ರಲ್ಲಿ ಪ್ರಕಟವಾಗಿದ್ದು.

ಸೈಜ್ ನೋಡಿದ್ರೇ ಅರ್ಧ ಕಥೆ ಗೊತ್ತಾಗುತ್ತೆ. ಇ ಕೋಲೈದು ಸುಮಾರು 46 ಲಕ್ಷ ಬೇಸ್, ಎರ್ಲಿಕಿಯಾ ಕ್ಯಾನಿಸ್‌ದು ಸುಮಾರು 13 ಲಕ್ಷ, ಬೊರೀಲಿಯಾದ ಮುಖ್ಯ ಕ್ರೋಮೋಸೋಮು 9.1 ಲಕ್ಷ ಅಷ್ಟೇ, ಅದೂ ಉದ್ದಕ್ಕೆ ಕಡ್ಡಿ ಥರ ಇರೋದು, ಉಂಗುರ ಅಲ್ಲ.

ಇಲ್ಲೊಂದು ಎಚ್ಚರಿಕೆ. ಬಿ31ಗೆ ಕ್ರೋಮೋಸೋಮ್ ಅಲ್ದೆ 21 ಪ್ಲಾಸ್ಮಿಡ್ (ಬಿಡಿಯಾಗಿರೋ ಸಣ್ಣ ಡಿಎನ್‌ಎ ತುಂಡು) ಇದೆ, 'ಅವೆಲ್ಲ ಎಕ್ಸ್‌ಟ್ರಾ ತಾನೇ' ಅಂತ ಕ್ರೋಮೋಸೋಮ್ ಮಾತ್ರ ಇಳಿಸ್ಕೊಂಡ್ರೆ ಕೆಟ್ಟಿರಿ. ಡಿಎನ್‌ಎ ಕಟ್ಟೋ ಸಾಮಾನಲ್ಲಿ ಒಂದಾದ ಪ್ಯೂರೀನನ್ನ ಒಳಗೆ ತರೋ ಎರಡು ಪ್ರೋಟೀನು, ಅದನ್ನ ಗ್ವಾನೀನ್ ನ್ಯೂಕ್ಲಿಯೋಟೈಡ್ ಮಾಡೋ ಎರಡು ಎಂಜೈಮು, ಎಲ್ಲ ಸಿಪಿ26 ಅನ್ನೋ ಪ್ಲಾಸ್ಮಿಡ್ ಮೇಲಿದೆ. ಎಲ್‌ಪಿ25 ಅನ್ನೋ ಇನ್ನೊಂದರ ಕಥೆ ಇನ್ನೂ ಚೆನ್ನಾಗಿದೆ: ಲ್ಯಾಬಲ್ಲಿ ಟ್ಯೂಬಲ್ಲೇ ಬೆಳೆಸ್ತಾ ಹೋದ್ರೆ ಬೊರೀಲಿಯಾ ಈ ಪ್ಲಾಸ್ಮಿಡನ್ನ ಬಿಸಾಕಿಬಿಡುತ್ತೆ, ಆರಾಮಾಗಿ ಬೆಳೀತಾನೂ ಇರುತ್ತೆ, ಆದ್ರೆ ಇಲಿಗೆ ಚುಚ್ಚಿದ್ರೆ ಸೋಂಕು ಆಗಲ್ಲ. 2003ರಲ್ಲಿ ಆ ಪ್ಲಾಸ್ಮಿಡಿಂದ ಒಂದೇ ಒಂದು ಜೀನ್, ನಿಕೋಟಿನಮೈಡ್ ಒಡೆಯೋ ಪಿಎನ್‌ಸಿಎ, ಅದನ್ನ ವಾಪಸ್ ಹಾಕಿ ನೋಡಿದಾಗ ಇಲಿಯಲ್ಲಿ ಸೋಂಕು ಮತ್ತೆ ಶುರುವಾಯ್ತು. ಅಂದ್ರೆ ಎನ್‌ಎಡಿ ಅನ್ನೋ ಕೋಫ್ಯಾಕ್ಟರ್ ತಯಾರಿಸೋಕೆ ಬೇಕಾದ ಒಂದು ಎಂಜೈಮ್ ಮೇಲೆ ಇಡೀ ಸೋಂಕು ನಿಂತಿತ್ತು.

ಇನ್ನೊಂದು ಸಣ್ಣ ಉಪದ್ರವ: ಹಳೇ ಪೇಪರ್‌ಗಳಲ್ಲಿ ಬಿಬಿ0219 ಥರ ಜೀನ್ ನಂಬರ್ ಇರುತ್ತೆ, ಹೊಸ ಫೈಲಲ್ಲಿ ಬೇರೆ ನಂಬರ್. ಆನೋಟೇಷನ್ ಫೈಲಲ್ಲಿ ಹಳೇ ಲೋಕಸ್ ಟ್ಯಾಗ್ ಅಂತ ಒಂದು ಜಾಗ ಇರುತ್ತೆ, ಅಲ್ಲಿ ನೋಡಿ ಹೊಂದಿಸ್ಕೊಳ್ಳಿ. ಇದೊಂದು ಗೊತ್ತಿಲ್ದೆ ಇಡೀ ದಿನ ಹಾಳು ಮಾಡ್ಕೊಂಡೋರನ್ನ ನೋಡಿದ್ದೀನಿ.

ಹಂತ 4: ಕೆಗ್ ಮ್ಯಾಪಲ್ಲಿ ಹಸಿರು ಎಲ್ಲಿದೆ, ಬಿಳಿ ಎಲ್ಲಿದೆ

ಕೆಗ್ ಅನ್ನೋ, ಮೆಟಬಾಲಿಸಂ ದಾರಿಗಳ ಮ್ಯಾಪ್ ಇರೋ ಡೇಟಾಬೇಸಲ್ಲಿ ಒಂದೊಂದು ಜೀವಿಗೂ ಮೂರು ಅಥವಾ ನಾಲ್ಕಕ್ಷರದ ಕೋಡ್. ಬೊರೀಲಿಯಾಗೆ ಬಿ-ಬಿ-ಯು, ಎರ್ಲಿಕಿಯಾ ಕ್ಯಾನಿಸ್‌ಗೆ ಇ-ಸಿ-ಎನ್, ಅದರ ಹತ್ತಿರದ ಸಂಬಂಧಿ ಎರ್ಲಿಕಿಯಾ ಚಾಫೀನ್ಸಿಸ್‌ಗೆ ಇ-ಸಿ-ಎಚ್, ಅನಾಪ್ಲಾಸ್ಮಾಗೆ ಎ-ಪಿ-ಎಚ್, ರಿಕೆಟ್ಸಿಯಾ ಕೊನೋರಿಗೆ ಆರ್-ಸಿ-ಒ. ಕೋಡ್ ಆದ್ಮೇಲೆ ಮ್ಯಾಪ್ ನಂಬರ್ ಸೇರಿಸಿದ್ರೆ ಆ ಜೀವಿಯ ಮ್ಯಾಪ್ ಬರುತ್ತೆ. ಇರೋ ಎಂಜೈಮ್‌ಗಳ ಬಾಕ್ಸ್ ಹಸಿರು, ಇಲ್ದೇ ಇರೋದು ಬಿಳಿ.

ಎಲ್ಲ ಮ್ಯಾಪೂ ನೋಡ್ತಾ ಕೂತ್ರೆ ಮುಗಿಯಲ್ಲ. 00010 ಗ್ಲೈಕೋಲಿಸಿಸ್ (ಗ್ಲೂಕೋಸ್ ಒಡೆಯೋ ದಾರಿ), 00020 ಟಿಸಿಎ ಸೈಕಲ್ (ಅಲ್ಲಿಂದ ಮುಂದೆ ಶಕ್ತಿ ತೆಗೆಯೋ ದಾರಿ), 00230 ಪ್ಯೂರೀನ್, 00240 ಪಿರಿಮಿಡೀನ್, ಬಿ ವಿಟಮಿನ್‌ಗಳಿಗೆ 00730ರಿಂದ 00790ರವರೆಗಿನ ಸಾಲು, ಅಮೈನೋ ಆಸಿಡ್ ಮ್ಯಾಪ್‌ಗಳು, 00900 ಐಸೋಪ್ರೆನಾಯ್ಡ್, ಕೊನೆಗೆ 02010 ಎಬಿಸಿ ಟ್ರಾನ್ಸ್‌ಪೋರ್ಟರ್. ಇಷ್ಟು ಸಾಕು.

ಬೊರೀಲಿಯಾಗೆ ತೆಗೆದ್ರೆ ಗ್ಲೈಕೋಲಿಸಿಸ್ ಹಸಿರು, ಟಿಸಿಎ ಸೈಕಲ್ ಬೋಳು. ಅಮೈನೋ ಆಸಿಡ್ ಮ್ಯಾಪ್‌ಗಳು ಬೋಳು, ಫ್ಯಾಟಿ ಆಸಿಡ್ ತಯಾರಿಕೆ ಇಲ್ಲ, ಪ್ಯೂರೀನ್ ರಿಂಗ್ ಮೊದಲಿಂದ ಕಟ್ಟೋ ದಾರಿ ಇಲ್ಲ. ಸಕ್ಕರೆ ಒಡೆದು ಲ್ಯಾಕ್ಟಿಕ್ ಆಸಿಡ್ ಮಾಡಿ ಆ ಎಟಿಪಿಯಲ್ಲೇ ಕಾಲ ಹಾಕುತ್ತೆ. ಈಗ ಅದೇ ಮ್ಯಾಪ್‌ಗಳನ್ನ ಎರ್ಲಿಕಿಯಾಗೆ ತೆಗೀರಿ, ಪೂರ್ತಿ ಉಲ್ಟಾ: ಗ್ಲೂಕೋಸ್ ಒಡೆಯೋಕೆ ಶುರುವಿನ ಎಂಜೈಮ್‌ಗಳೇ ಇಲ್ಲ, ಟಿಸಿಎ ಸೈಕಲ್ ಮಾತ್ರ ತುಂಬಿದೆ. ನ್ಯೂಕ್ಲಿಯೋಟೈಡ್‌ಗಳನ್ನ, ಮುಖ್ಯವಾದ ವಿಟಮಿನ್ ಕೋಫ್ಯಾಕ್ಟರ್‌ಗಳನ್ನ ತಾನೇ ಮಾಡ್ಕೊಳ್ಳುತ್ತೆ, ಆದ್ರೆ ಅಮೈನೋ ಆಸಿಡ್ ಬಹುತೇಕ ಮಾಡಲ್ಲ. ಜೀವಕೋಶದೊಳಗೆ ಕೂತಿರೋದು ಜಾಸ್ತಿ ಸೋಂಬೇರಿಯಾಗಿರುತ್ತೆ, ಹೊರಗಿರೋದು ಸ್ವಾವಲಂಬಿಯಾಗಿರುತ್ತೆ ಅಂತ ಅಂದ್ಕೊಂಡಿದ್ರೆ ಇಲ್ಲೇ ಬಿಟ್ಟುಬಿಡಿ. ರಿಕೆಟ್ಸಿಯಾ ಮಾತ್ರ ನಿಜಕ್ಕೂ ಬರಿಗೈ ದಾಸ: ಅದರ ಮೆಟಬಾಲಿಸಮನ್ನ ಜೀನೋಮಿಂದ ಕಟ್ಟಿ ನೋಡಿದ 2017ರ ಒಂದು ಅಧ್ಯಯನ ಕನಿಷ್ಠ 51 ವಸ್ತುಗಳನ್ನ ಅದು ಹೋಸ್ಟಿಂದ ತರಿಸ್ಕೊಳ್ಬೇಕು ಅಂತ ಲೆಕ್ಕ ಹಾಕಿತ್ತು. ಲೆಕ್ಕ ಅಷ್ಟೇ, 51ನ್ನೂ ಲ್ಯಾಬಲ್ಲಿ ತೋರಿಸಿದ್ದು ಅಂತ ಬರೀಬೇಡಿ.

ಹಂತ 5: ಜೀನ್ ಇಲ್ಲ ಅಂದ್ರೆ ಏನೇನಾಗಿರಬಹುದು

ನಿಧಾನಕ್ಕೆ ಓದಿ, ಗೈಡಿನ ಜೀವ ಇಲ್ಲಿದೆ. ಪಿಜಿ ರೂಮಲ್ಲಿ ಸ್ಟವ್ ಇಲ್ಲ ಅಂದ್ರೆ ಆ ಹುಡುಗ ಹೊರಗಿಂದ ತರಿಸ್ಕೊಂಡು ತಿಂತಾ ಇರಬಹುದು, ಅಥವಾ ಆ ಅಡುಗೆನೇ ಅವನಿಗೆ ಬೇಡದೇ ಇರಬಹುದು, ಅಥವಾ ಮಂಚದ ಕೆಳಗೆ ಇಂಡಕ್ಷನ್ ಬಚ್ಚಿಟ್ಟಿರಬಹುದು. ಬಿಳಿ ಬಾಕ್ಸಿಗೂ ಈ ಮೂರೇ ಸಾಧ್ಯತೆ, ಮೂರನ್ನೂ ಬೇರೆ ಬೇರೆ ಚೆಕ್ ಮಾಡ್ಬೇಕು.

ಹೊರಗಿಂದ ತರೋದಕ್ಕೆ ಉದಾಹರಣೆ ಮೇಲಿನ ಪ್ಯೂರೀನ್. ಕಟ್ಟೋ ದಾರಿ ಇಲ್ಲ, ಸಿಪಿ26 ಮೇಲೆ ಟ್ರಾನ್ಸ್‌ಪೋರ್ಟರ್ ಎರಡಿವೆ, ಎರಡನ್ನೂ ಕಿತ್ತುಹಾಕಿದ ಮ್ಯೂಟೆಂಟ್ ಇಲಿಯಲ್ಲಿ ಸೋಂಕು ಮಾಡಲಿಲ್ಲ. ಮೂರೂ ಸೇರಿದಾಗಷ್ಟೇ ಕೇಸು ಗಟ್ಟಿ.

ಬೇಡವೇ ಬೇಡ ಅನ್ನೋದಕ್ಕೆ ಬೊರೀಲಿಯಾದ ಕಬ್ಬಿಣ. ರಕ್ತ ಕುಡಿಯೋ ಹುಳದ ಹೊಟ್ಟೆಯಲ್ಲಿ, ಅಷ್ಟೊಂದು ಹಿಮೋಗ್ಲೋಬಿನ್ ಮಧ್ಯದಲ್ಲಿ ಕೂತಿದೆ, ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳು ಕಬ್ಬಿಣಕ್ಕೆ ಹೊಡೆದಾಡಿ ಸಾಯ್ತವೆ, ನಮ್ಮ ದೇಹ ಕೂಡ ಸೋಂಕು ಬಂದಾಗ ಕಬ್ಬಿಣ ಬಚ್ಚಿಡುತ್ತೆ. ಬೊರೀಲಿಯಾ ಆ ಆಟಕ್ಕೇ ಬರಲ್ಲ. 2000ರಲ್ಲಿ ಪೋಸಿ ಮತ್ತು ಗೆರಾರ್ಡಿನಿ ಅಳತೆ ಮಾಡಿ ತೋರಿಸಿದ್ದು, ಒಂದು ಕೋಶದಲ್ಲಿ ಹತ್ತು ಕಬ್ಬಿಣದ ಪರಮಾಣು ಕೂಡ ಇಲ್ಲ ಅಂತ. ಕಬ್ಬಿಣ ಬೇಕಾದ ಎಂಜೈಮ್‌ಗಳ ಜೀನ್‌ಗಳನ್ನೇ ಹೆಚ್ಚುಕಮ್ಮಿ ಬಿಟ್ಟುಬಿಟ್ಟಿದೆ, ಕೆಲವು ಕಡೆ ಬದಲಿಗೆ ಮ್ಯಾಂಗನೀಸ್ ಬಳಸುತ್ತೆ. ಆ ಮ್ಯಾಂಗನೀಸ್ ತರೋ ಪ್ರೋಟೀನೇ ಬಿಬಿ0219, ಬಿಎಂಟಿಎ ಅಂತ ಹೆಸರು. ಅದನ್ನ ಕಿತ್ತಾಗ ಟ್ಯೂಬಲ್ಲಿ ಬೆಳೀತು, ಇಲಿಗೆ ಸೋಂಕು ತಗಲಿಸೋಕೆ ಆಗಲಿಲ್ಲ, 2009ರಲ್ಲಿ ಬಂದ ಫಲಿತಾಂಶ. ಥಯಮಿನ್, ಅಂದ್ರೆ ಬಿ1, ಅದೂ ಹೀಗೇ: ತಯಾರಿಸೋ ಜೀನೂ ಇಲ್ಲ, ತರೋ ಜೀನೂ ಇಲ್ಲ. 'ಗೊತ್ತಿಲ್ಲದ ಟ್ರಾನ್ಸ್‌ಪೋರ್ಟರ್ ಒಂದಿರ್ಬೇಕು' ಅಂತ ಯಾರಾದ್ರೂ ಬರೀತಿದ್ರು, ಆದ್ರೆ 2016ರಲ್ಲಿ ಗೊತ್ತಾಗಿದ್ದು ಅದಕ್ಕೆ ಥಯಮಿನ್ನೇ ಬೇಕಿಲ್ಲ ಅಂತ. ಎರಡೂ ಕಾಲಂ ಖಾಲಿ ಬಂದ್ರೆ ಮೊದಲು ಆ ವಸ್ತು ಬಳಸೋ ಎಂಜೈಮ್‌ಗಳು ಇದ್ಯಾ ನೋಡಿ, ಬಳಸೋರೇ ಇಲ್ಲ ಅಂದ್ಮೇಲೆ ತರೋದ್ಯಾಕೆ.

ಬಚ್ಚಿಟ್ಟಿರೋದು ಹುಡುಕೋಕೆ: ಕೆಗ್ ತಾನಾಗೇ ಹೋಲಿಕೆ ನೋಡಿ ಹಸಿರು ಹಾಕೋದು, ದೂರದ ಸಂಬಂಧಿ ಜೀನ್ ತಪ್ಪಿಸ್ಕೊಳ್ಳುತ್ತೆ. ಬೇರೆ ಬ್ಯಾಕ್ಟೀರಿಯಾದ ಅದೇ ಎಂಜೈಮ್ ಪ್ರೋಟೀನ್ ತಗೊಂಡು ಬ್ಲಾಸ್ಟ್ (ಅನುಕ್ರಮ ಹೋಲಿಸೋ ಟೂಲ್) ಮಾಡಿ, ಸಿಗದಿದ್ರೆ ಇಂಟರ್‌ಪ್ರೋದಲ್ಲಿ ಡೊಮೇನ್ ಹುಡುಕಿ, ಅದರಲ್ಲೂ ಇಲ್ಲ ಅಂದ್ರೆ ಆಲ್ಫಾಫೋಲ್ಡ್ ರಚನೆ ತಗೊಂಡು ಫೋಲ್ಡ್‌ಸೀಕಲ್ಲಿ ಆಕಾರದ ಮೇಲೆ ಹೋಲಿಸಿ. ಮೂರರಲ್ಲೂ ಸಿಗದಿದ್ರೆ ಆಗ 'ಇಲ್ಲ' ಅಂತ ಬರೀರಿ.

ಹಂತ 6: ಟ್ರಾನ್ಸ್‌ಪೋರ್ಟರ್ ಹುಡುಕೋದು

ಟಿಸಿಡಿಬಿ ಡೇಟಾಬೇಸಲ್ಲಿ ಟ್ರಾನ್ಸ್‌ಪೋರ್ಟರ್‌ಗಳಿಗೆ ಕುಟುಂಬದ ನಂಬರ್ ಕೊಟ್ಟಿದ್ದಾರೆ, ನಿಮ್ಮ ಪ್ರೋಟೀನ್ ಅಲ್ಲೇ ಬ್ಲಾಸ್ಟ್ ಮಾಡ್ಬಹುದು. ಪೊರೆ ದಾಟೋ ಭಾಗ ಎಷ್ಟಿದೆ ಅಂತ ಡೀಪ್‌ಟಿಎಂಎಚ್‌ಎಂಎಂ ಹೇಳುತ್ತೆ. ಎಬಿಸಿ ಟ್ರಾನ್ಸ್‌ಪೋರ್ಟರ್ ಆದ್ರೆ ವಸ್ತು ಹಿಡಿಯೋ ಪ್ರೋಟೀನು, ಪೊರೆಯಲ್ಲಿ ಕೂರೋದು, ಎಟಿಪಿ ಒಡೆಯೋದು, ಈ ಮೂರೂ ಇರ್ಬೇಕು, ಬರೀ ಒಂದು ಸಿಕ್ಕಿದ್ರೆ ಕುಣಿಬೇಡಿ. ಬೊರೀಲಿಯಾದಲ್ಲಿ ಪೆಪ್ಟೈಡ್ ತರೋ ವ್ಯವಸ್ಥೆ ನೋಡಿ: ಹಿಡಿಯೋ ಪ್ರೋಟೀನ್ ಐದು ಬಗೆ, ಆದ್ರೆ ಒಳಗೆ ದಾಟಿಸೋ ಸೆಟ್ ಒಂದೇ. ಒಂದೊಂದು ಅಮೈನೋ ಆಸಿಡ್ ಬಿಡಿಬಿಡಿಯಾಗಿ ಎಳ್ಕೊಳ್ಳೋದಕ್ಕಿಂತ ಸಣ್ಣ ಪೆಪ್ಟೈಡ್ ತುಂಡುಗಳನ್ನೇ ನುಂಗಿ ಒಳಗೆ ಒಡ್ಕೊಳ್ಳುತ್ತೆ, ಈ ದಾರಿ ಮುಚ್ಚಿದ್ರೆ ಬದುಕೋದೇ ಇಲ್ಲ ಅಂತ 2017ರಲ್ಲಿ ತೋರಿಸಿದ್ದಾರೆ.

ಈಗ ಒಂದು ಎಕ್ಸರ್ಸೈಜ್, ಇದನ್ನ ಬಿಡಬೇಡಿ. ರಿಕೆಟ್ಸಿಯಾ ಪ್ರೊವಾಜೆಕೀ ಅಂತ ಹೇನಿಂದ ಹರಡೋ ಟೈಫಸ್ ಬ್ಯಾಕ್ಟೀರಿಯಾ ಇದೆ, ಅದು ಹೋಸ್ಟಿನ ಎಟಿಪಿನ ನೇರ ಒಳಗೆ ಎಳ್ಕೊಂಡು ಖಾಲಿಯಾದ ಎಡಿಪಿನ ಹೊರಗೆ ಕೊಡುತ್ತೆ ಅಂತ 1976ರಲ್ಲೇ ವಿಂಕ್ಲರ್ ತೋರಿಸಿದ್ರು. ಅದರ ಟಿಎಲ್‌ಸಿ1 ಪ್ರೋಟೀನ್ ತಗೊಂಡು ಉಣ್ಣಿಯ ರಿಕೆಟ್ಸಿಯಾ ಕೊನೋರಿ ಮೇಲೆ ಬ್ಲಾಸ್ಟ್ ಮಾಡಿ, ಒಂದಲ್ಲ ಹಲವು ಹಿಟ್ ಬರುತ್ತೆ. ಎರ್ಲಿಕಿಯಾ ಮೇಲೆ ಮಾಡಿ, ಬರಲ್ಲ. ಎರಡನೇ ಹಂತದಲ್ಲಿ ಎಣಿಸಿದ ಪೊರೆ ಇಲ್ಲಿ ಅರ್ಥ ಆಗುತ್ತೆ, ಸೈಟೋಪ್ಲಾಸಮಲ್ಲಿ ತೇಲೋದಕ್ಕೆ ಎಟಿಪಿ ಕೈಗೆಟುಕುತ್ತೆ, ಚೀಲದೊಳಗಿರೋದು ಟಿಸಿಎ ಸೈಕಲ್ ಇಟ್ಕೊಂಡು ತಾನೇ ಮಾಡ್ಕೊಳ್ಳುತ್ತೆ. ಆದ್ರೆ ಆ ಹಿಟ್‌ಗಳಿಗೆಲ್ಲ 'ಎಟಿಪಿ ಟ್ರಾನ್ಸ್‌ಪೋರ್ಟರ್' ಅಂತ ಬರೆದ್ರೆ ತಪ್ಪು. ಪ್ರೊವಾಜೆಕೀಯ ಐದು ಟಿಎಲ್‌ಸಿಗಳಲ್ಲಿ ಎಟಿಪಿ-ಎಡಿಪಿ ಅದಲುಬದಲು ಮಾಡೋದು ಮೊದಲನೇದು, ನಾಲ್ಕು ಮತ್ತು ಐದನೇದು ತರೋದು ಬೇರೆ ನ್ಯೂಕ್ಲಿಯೋಟೈಡ್‌ಗಳನ್ನ. ಕುಟುಂಬ ಒಂದೇ ಆದ್ರೂ ಹೊರೋ ಸರಕು ಬೇರೆ, ಕಂಪ್ಯೂಟರ್ ಹೇಳೋದು ಕುಟುಂಬದ ಹೆಸರು ಮಾತ್ರ.

ಹಂತ 7: ಟ್ರಾನ್ಸ್‌ಪೋರ್ಟರ್ ಪಟ್ಟಿಯಲ್ಲಿ ಕಾಣದ ಕಳ್ಳದಾರಿಗಳು

ಎರ್ಲಿಕಿಯಾ, ಅನಾಪ್ಲಾಸ್ಮಾ ಮಾಡೋರು ಇಲ್ಲಿ ಜಾಸ್ತಿ ಟೈಮ್ ಕೊಡಿ. ಯಾಕಂದ್ರೆ ಈ ಜೋಡಿ ಬರೀ ಟ್ರಾನ್ಸ್‌ಪೋರ್ಟರ್ ಇಟ್ಕೊಂಡು ಸುಮ್ನೆ ಕಾಯ್ತಾ ಕೂರಲ್ಲ, ಜೀವಕೋಶದ ಕೆಲಸದ ದಿಕ್ಕನ್ನೇ ತಿರುಗಿಸಿ ಊಟ ತನ್ನ ಚೀಲದ ಹತ್ರಕ್ಕೇ ಬರೋ ಹಾಗೆ ಮಾಡುತ್ತೆ.

ಅನಾಪ್ಲಾಸ್ಮಾ ಎಟಿಎಸ್-1 ಅನ್ನೋ ಪ್ರೋಟೀನನ್ನ ಟೈಪ್ 4 ಸೆಕ್ರಿಷನ್ ಅನ್ನೋ, ಪ್ರೋಟೀನ್ ಹೊರಗೆ ಚುಚ್ಚೋ ವ್ಯವಸ್ಥೆಯಿಂದ ಹೋಸ್ಟ್ ಒಳಗೆ ತಳ್ಳುತ್ತೆ, ಅದು ಹೋಗಿ ಬೆಕ್ಲಿನ್ 1 ಅನ್ನೋ ಹೋಸ್ಟಿನ ಪ್ರೋಟೀನಿಗೆ ಅಂಟ್ಕೊಳ್ಳುತ್ತೆ, ಆಟೋಫಜಿ ಶುರುವಾಗುತ್ತೆ. ಅಂದ್ರೆ ಜೀವಕೋಶ ತನ್ನ ಹಳೇ ಸಾಮಾನುಗಳನ್ನ ತಾನೇ ಸುತ್ತಿ ಒಡೆಯೋಕೆ ಹೊರಡುತ್ತೆ, ಆ ಪೊಟ್ಟಣಗಳು ಬಂದು ಬ್ಯಾಕ್ಟೀರಿಯಾದ ಚೀಲಕ್ಕೆ ಕೂಡ್ಕೊಳ್ತವೆ. ಆಟೋಫಜಿ ಇರೋದೇ ಕ್ರಿಮಿ ಕೊಲ್ಲೋಕೆ ಅಂತ ಪಾಠದಲ್ಲಿ ಓದಿರ್ತೀವಿ, ಇಲ್ಲಿ ನೋಡಿದ್ರೆ ಅದನ್ನೇ ಹೊಟ್ಟೆಪಾಡಿಗೆ ಬಳಸ್ಕೊಂಡಿದೆ. ಎರ್ಲಿಕಿಯಾ ಚಾಫೀನ್ಸಿಸ್‌ಗೂ ಇಟಿಎಫ್-1 ಅಂತ ಇಂಥದ್ದೇ ಒಂದಿದೆ.

ಕೊಲೆಸ್ಟ್ರಾಲ್ ಇನ್ನೊಂದು. ಈ ಎರಡಕ್ಕೂ ಲಿಪೊಪಾಲಿಸ್ಯಾಕರೈಡ್ (ಹೊರಪೊರೆಯ ಒಂದು ಮುಖ್ಯ ಭಾಗ) ಮಾಡೋ ಜೀನ್‌ಗಳು ಹೋಗಿಬಿಟ್ಟಿವೆ, ಪೊರೆಗೆ ಗಟ್ಟಿತನ ಕೊಡೋಕೆ ಹೋಸ್ಟಿನ ಕೊಲೆಸ್ಟ್ರಾಲ್ ತಗೊಂಡು ಸೇರಿಸ್ಕೊಳ್ತವೆ, ಬ್ಯಾಕ್ಟೀರಿಯಾದಿಂದ ಆ ಕೊಲೆಸ್ಟ್ರಾಲ್ ತೆಗೆದುಬಿಟ್ರೆ ಜೀವಕೋಶಕ್ಕೆ ಸೋಂಕು ಮಾಡೋ ಶಕ್ತಿ ಕಳ್ಕೊಳ್ತವೆ, 2003ರಲ್ಲಿ ಲಿನ್ ಮತ್ತು ರಿಕಿಹಿಸಾ ತೋರಿಸಿದ್ದು. ಅನಾಪ್ಲಾಸ್ಮಾ ಇದನ್ನ ಎಲ್‌ಡಿಎಲ್ ದಾರಿಯಿಂದ ಪಡ್ಕೊಳ್ಳುತ್ತೆ. ಕೆಗ್ ಮ್ಯಾಪಲ್ಲಿ ಇದರ ಸುಳಿವೇ ಸಿಗಲ್ಲ.

ಕಬ್ಬಿಣದಲ್ಲಿ ಎರಡೂ ಬೇರೆ ಬೇರೆ. ಎರ್ಲಿಕಿಯಾ ಚಾಫೀನ್ಸಿಸ್‌ನ ಚೀಲದ ಸುತ್ತ ಟ್ರಾನ್ಸ್‌ಫೆರಿನ್ ರಿಸೆಪ್ಟರ್‌ಗಳು (ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನನ್ನ ಹಿಡಿಯೋವು) ಗುಂಪುಗೂಡ್ತವೆ, ಕಬ್ಬಿಣ ಹಿಡಿದಿಡೋ ಡಿಫೆರಾಕ್ಸಮೀನ್ ಹಾಕಿದ್ರೆ ಬೆಳವಣಿಗೆ ನಿಲ್ಲುತ್ತೆ. ಅನಾಪ್ಲಾಸ್ಮಾ ಚೀಲದ ಸುತ್ತ ಹಾಗೆ ರಿಸೆಪ್ಟರ್ ಸೇರಲ್ಲ. ಇದನ್ನ ಓದಿ ಕೆಲವರು ಹಾಗಾದ್ರೆ ನಾಯಿಗೆ ಕಬ್ಬಿಣ ಕಮ್ಮಿ ಮಾಡ್ಲಾ ಅಂತ ಕೇಳ್ತಾರೆ. ದಯವಿಟ್ಟು ಬೇಡ! ಟಿಕ್ ಫೀವರ್ ಬಂದ ನಾಯಿಗೆ ಆಗ್ಲೇ ರಕ್ತಹೀನತೆ ಇರೋ ಸಾಧ್ಯತೆ ಇರುತ್ತೆ, ಊಟ, ಟಾನಿಕ್ ಎಲ್ಲ ಡಾಕ್ಟ್ರು ಹೇಳಿದ ಹಾಗೆ. ಡಾಕ್ಸಿಸೈಕ್ಲಿನ್ ಹೊಡೆಯೋದು ಬ್ಯಾಕ್ಟೀರಿಯಾದ ರೈಬೋಸೋಮಿಗೆ, ಅದಕ್ಕೂ ನಾವಿಲ್ಲಿ ಹುಡುಕ್ತಿರೋದಕ್ಕೂ ಸಂಬಂಧ ಇಲ್ಲ.

ಹಂತ 8: ಉಣ್ಣಿಯೊಳಗಿನ ಜೀವನ ಮರೀಬೇಡಿ

ನಾವು ರೋಗಿ ಕಡೆಯಿಂದಲೇ ಯೋಚನೆ ಮಾಡ್ತೀವಿ, ಆದ್ರೆ ಉಣ್ಣಿ ಒಂದು ಸಲ ರಕ್ತ ಕುಡಿದು ಮುಂದಿನ ಊಟಕ್ಕೆ ತಿಂಗಳುಗಟ್ಲೆ ಕಾಯುತ್ತೆ, ಅಷ್ಟೂ ದಿನ ಬೊರೀಲಿಯಾ ಅದರ ಕರುಳಲ್ಲೇ ಬದುಕ್ಬೇಕು, ರಕ್ತದ ಗ್ಲೂಕೋಸ್ ಮುಗಿದಿರುತ್ತೆ. ಇಲ್ಲಿ ಎರಡು ಕಥೆ ಪಕ್ಕಪಕ್ಕ ಇಟ್ಟು ನೋಡಿ. ಗ್ಲಿಸರಾಲ್ ಬಳಸೋ ಜೀನ್‌ಗಳು ಉಣ್ಣಿಯೊಳಗೆ ಜೋರಾಗಿ ಆನ್ ಆಗ್ತವೆ, ಅದರಲ್ಲಿ ಜಿಎಲ್‌ಪಿಡಿ ಕಿತ್ತ ಮ್ಯೂಟೆಂಟ್ ಇಲಿಗೆ ಸೋಂಕು ಮಾಡುತ್ತೆ, ಉಣ್ಣಿಯಲ್ಲಿ ಮಾತ್ರ ಸಂಖ್ಯೆ ಕಮ್ಮಿಯಾಗುತ್ತೆ. ಸರಿ. ಈಗ ಕೈಟೋಬಯೋಸ್: ಉಣ್ಣಿಯ ಚಿಪ್ಪು ಕೈಟಿನ್, ಅದು ಒಡೆದ್ರೆ ಸಿಗೋದು ಕೈಟೋಬಯೋಸ್, ಬೊರೀಲಿಯಾದಲ್ಲಿ ಅದನ್ನ ತರೋಕಂತಲೇ ಸಿಎಚ್‌ಬಿಸಿ ಅನ್ನೋ ಟ್ರಾನ್ಸ್‌ಪೋರ್ಟರ್ ಇದೆ, ಟ್ಯೂಬಲ್ಲಿ ಕೆಲಸನೂ ಮಾಡುತ್ತೆ. ಇಷ್ಟು ಚೆನ್ನಾಗಿ ಹೊಂದೋ ಕಥೆ ನೋಡಿದ್ರೆ ಯಾರಿಗಾದ್ರೂ ಐದನೇ ಕಾಲಂ ತುಂಬಿಬಿಡೋಣ ಅನ್ಸುತ್ತೆ. 2004ರಲ್ಲಿ ಆ ಜೀನ್ ಕೆಡಿಸಿ ಇಲಿ-ಉಣ್ಣಿ ಸುತ್ತು ಪೂರ್ತಿ ಮಾಡಿಸಿ ನೋಡಿದ್ರು, ಮ್ಯೂಟೆಂಟ್ ಆರಾಮಾಗಿ ಪಾಸಾಯ್ತು. ಟ್ರಾನ್ಸ್‌ಪೋರ್ಟರ್ ಇದೆ, ಊಟನೂ ಅಲ್ಲೇ ಇದೆ, ಆದ್ರೂ ಅದಿಲ್ದೆ ನಡೆಯುತ್ತೆ.

ಇದರ ಉಲ್ಟಾ ಕೂಡ ಇದೆ, ಚಿಕ್ಕದಾಗಿ ಹೇಳ್ಬಿಡ್ತೀನಿ. ರಕ್ತದಲ್ಲಿ ಬಿ ವಿಟಮಿನ್ ಕಮ್ಮಿ, ಬರೀ ರಕ್ತ ಕುಡಿಯೋ ಉಣ್ಣಿಗೆ ಅದನ್ನ ಒದಗಿಸೋದು ಅದರೊಳಗಿನ ಕಾಕ್ಸಿಯೆಲ್ಲಾ ಥರದ, ಫ್ರಾನ್ಸಿಸೆಲ್ಲಾ ಥರದ ಸಹಜೀವಿ ಬ್ಯಾಕ್ಟೀರಿಯಾಗಳು. ಅವುಗಳ ಜೀನೋಮಲ್ಲಿ ಉಳಿದಿದ್ದೆಲ್ಲ ಉದುರಿದ್ರೂ ರೈಬೋಫ್ಲೇವಿನ್, ಬಯೋಟಿನ್, ಫೋಲೇಟ್ ಮ್ಯಾಪ್‌ಗಳು ಹಸಿರಾಗಿ ಉಳ್ಕೊಂಡಿರ್ತವೆ. 00740, 00780, 00790 ತೆಗೆದು ನೋಡಿ.

ಹಂತ 9: ಲ್ಯಾಬ್ ಮೀಡಿಯಾದ ಪಟ್ಟಿ ಓದಿ

ಬ್ಯಾಕ್ಟೀರಿಯಾನ ಬೆಳೆಸೋಕೆ ಏನೇನು ಸುರೀಬೇಕಾಯ್ತು ಅನ್ನೋದೂ ಒಂದು ಸಾಕ್ಷಿ. ಬೊರೀಲಿಯಾದ ಬಿಎಸ್‌ಕೆ ಮೀಡಿಯಾ ತಗೊಳ್ಳಿ, ಗ್ಲೂಕೋಸ್, ಪೈರುವೇಟ್, ಎನ್-ಅಸಿಟೈಲ್ ಗ್ಲೂಕೋಸಮೀನ್, ಪೆಪ್ಟೋನ್, ಯೀಸ್ಟ್ ಸಾರ, ಆಲ್ಬುಮಿನ್, ಅದರ ಮೇಲೆ ಮೊಲದ ಸೀರಮ್. ಒಂದೊಂದು ಪದಾರ್ಥನೂ ನಿಮ್ಮ ಶೀಟಿನ ಯಾವ ಸಾಲಿಗೆ ಹೋಗುತ್ತೆ ಅಂತ ಹೊಂದಿಸಿ: ಪೆಪ್ಟೋನ್ ಪೆಪ್ಟೈಡ್‌ಗೆ, ಸೀರಮ್ ಕೊಬ್ಬು ಕೊಲೆಸ್ಟ್ರಾಲ್‌ಗೆ, ಯೀಸ್ಟ್ ಸಾರ ವಿಟಮಿನ್ ಮತ್ತು ನ್ಯೂಕ್ಲಿಯೋಟೈಡ್ ತುಂಡುಗಳಿಗೆ. ಇಷ್ಟು ಶ್ರೀಮಂತ ಊಟದಲ್ಲಿ ಬೆಳೆದ ಮ್ಯೂಟೆಂಟ್ ಇಲಿಯಲ್ಲಿ ಯಾಕೆ ಸೋಲುತ್ತೆ ಅನ್ನೋದೂ ಇದರಿಂದಲೇ ಗೊತ್ತಾಗುತ್ತೆ.

ಕಾಕ್ಸಿಯೆಲ್ಲಾ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಇದೆ. ದಶಕಗಟ್ಲೆ ಅದು ಜೀವಕೋಶ ಬಿಟ್ಟು ಬೆಳೆಯೋದೇ ಇಲ್ಲ ಅಂದ್ಕೊಂಡಿದ್ರು, 2009ರಲ್ಲಿ ಓಮ್ಸ್‌ಲ್ಯಾಂಡ್ ತಂಡ ಜೀನೋಮ್, ಜೀನ್ ಎಕ್ಸ್‌ಪ್ರೆಷನ್, ಯಾವ ಪದಾರ್ಥಕ್ಕೆ ಚುರುಕಾಗುತ್ತೆ ಅನ್ನೋ ಟೆಸ್ಟು, ಮೂರನ್ನೂ ಸೇರಿಸಿ ಲೆಕ್ಕ ಹಾಕಿ ಆಸಿಡ್ ಇರೋ, ಸಿಟ್ರೇಟ್ ಮತ್ತು ಸಿಸ್ಟೀನ್ ಇರೋ ಮೀಡಿಯಾ ಮಾಡಿ, ಆಕ್ಸಿಜನ್ 2.5 ಪರ್ಸೆಂಟಿಗೆ ಇಳಿಸಿ ಬೆಳೆಸಿಯೇ ಬಿಟ್ರು. ನೀವೀಗ ಶೀಟಲ್ಲಿ ಮಾಡ್ತಿರೋ ಕೆಲಸದ ಮುಂದಿನ ಹೆಜ್ಜೆ ಅದೇ. ಎರ್ಲಿಕಿಯಾ ಕ್ಯಾನಿಸನ್ನ ಲ್ಯಾಬಲ್ಲಿ ಸಾಮಾನ್ಯವಾಗಿ ಬೆಳೆಸೋದು ಡಿಎಚ್82 ಅನ್ನೋ ನಾಯಿಯ ಮ್ಯಾಕ್ರೋಫೇಜ್ ಥರದ ಕೋಶಗಳಲ್ಲಿ, ಹಾಗಾಗಿ ಅದಕ್ಕೆ ಈ ಹಂತದಲ್ಲಿ ಸಿಗೋದು ಕಮ್ಮಿ.

ಹಂತ 10: ಐದನೇ ಕಾಲಂ ತುಂಬಿ

ಪಬ್‌ಮೆಡಲ್ಲಿ ಬ್ಯಾಕ್ಟೀರಿಯಾ ಹೆಸರು, ಜೀನ್ ಹೆಸರು, ಮ್ಯೂಟೆಂಟ್ ಅಂತ ಇಂಗ್ಲಿಷಲ್ಲಿ ಹಾಕಿ ಹುಡುಕಿ, ಪಬ್‌ಮೆಡ್ ಸೆಂಟ್ರಲಲ್ಲಿ ಬಹಳಷ್ಟು ಪೇಪರ್ ಫ್ರೀಯಾಗೇ ಸಿಗುತ್ತೆ. ನಾನು ಕೊಡೋ ಗ್ರೇಡ್ ಹೀಗೆ: ಬರೀ ಜೀನ್ ಕಂಡಿದೆ ಅಂದ್ರೆ ಡಿ, ಜೀನ್ ಆನ್ ಆಗುತ್ತೆ ಅಂದ್ರೆ ಸಿ, ರೇಡಿಯೋ ಲೇಬಲ್ ಹಾಕಿದ ವಸ್ತು ಒಳಗೆ ಹೋಗಿದ್ದು ಅಳೆದಿದ್ದಾರೆ ಅಂದ್ರೆ ಬಿ, ಜೀನ್ ಕಿತ್ತಾಗ ಪ್ರಾಣಿಯಲ್ಲೋ ಉಣ್ಣಿಯಲ್ಲೋ ಸೋತು ವಾಪಸ್ ಹಾಕಿದಾಗ ಗೆದ್ದಿದೆ ಅಂದ್ರೆ ಎ. ಬೊರೀಲಿಯಾದ ಪಿಎನ್‌ಸಿಎಗೆ ಎ. ಕೈಟೋಬಯೋಸ್‌ಗೆ ಬಿ, ಪಕ್ಕದಲ್ಲಿ 'ಸೋಂಕಿಗೆ ಅಗತ್ಯ ಇಲ್ಲ' ಅಂತ ನೋಟ್. ಕಬ್ಬಿಣ, ಥಯಮಿನ್ ಸಾಲಿಗೆ 'ಬೇಡ' ಅಂತ ಬರೀರಿ, ಡ್ಯಾಶ್ ಹಾಕಬೇಡಿ, ಡ್ಯಾಶ್ ನೋಡಿದೋರು ಡೇಟಾ ಇಲ್ಲ ಅಂದ್ಕೊಳ್ತಾರೆ.

ಕ್ಯಾನಿಸ್ ಶೀಟಲ್ಲಿ ಎ ತುಂಬಾ ವಿರಳ, ಜೀವಕೋಶದೊಳಗೇ ಇರೋದ್ರ ಜೀನ್ ಕೀಳೋದು ಕಷ್ಟದ ಕೆಲಸ. ಸಿಗೋ ಪುರಾವೆಯಲ್ಲಿ ಬಹುಪಾಲು ಚಾಫೀನ್ಸಿಸ್‌ದು, ಉದಾಹರಣೆಗೆ ಪ್ರೋಲೀನ್, ಗ್ಲುಟಮೀನ್ ಎರಡನ್ನೂ ಒಳಗೆ ತಗೊಂಡು ಟಿಸಿಎ ಸೈಕಲ್ಲಿಗೆ ಹಾಕೋ ವಿಷಯ. ಎರಡೂ ಹತ್ತಿರದ ಸಂಬಂಧಿಗಳೇ, ಆದ್ರೂ ಸೆಲ್ಲಲ್ಲಿ 'ಚಾಫೀನ್ಸಿಸ್‌ನಿಂದ' ಅಂತ ಬರ್ದೇ ಬರೀರಿ, ಕಬ್ಬಿಣದಲ್ಲಿ ಎರ್ಲಿಕಿಯಾ ಮತ್ತು ಅನಾಪ್ಲಾಸ್ಮಾ ಹೇಗೆ ಬೇರೆಯಾದ್ವು ಅಂತ ನೋಡಿದ್ರಲ್ಲ.

ಶೀಟಿನ ಮೇಲೆ ಯಾವ ತಾರೀಖಿಗೆ ಕೆಗ್, ಎನ್‌ಸಿಬಿಐ ನೋಡಿದ್ರಿ ಅಂತ ಹಾಕಿಡಿ, ಎರಡೂ ಅಪ್‌ಡೇಟ್ ಆಗ್ತಾನೇ ಇರ್ತವೆ. ಇದನ್ನ ಮುಂದಕ್ಕೆ ತಗೊಂಡು ಹೋಗ್ಬೇಕು ಅನ್ಸಿದ್ರೆ ಬೆಂಗಳೂರಲ್ಲಿ ಹೆಬ್ಬಾಳದ ವೆಟರ್ನರಿ ಕಾಲೇಜು ಇದೆ, ಯಲಹಂಕದ ನಿವೇದಿ (ಪ್ರಾಣಿ ರೋಗಗಳ ರಾಷ್ಟ್ರೀಯ ಸಂಸ್ಥೆ) ಇದೆ, ಐಐಎಸ್‌ಸಿ, ಎನ್‌ಸಿಬಿಎಸ್ ಇದೆ, ತುಂಬಿದ ಶೀಟ್ ಅಟ್ಯಾಚ್ ಮಾಡಿ 'ಈ ಮೂರು ಸಾಲಿಗೆ ಪುರಾವೆ ಇಲ್ಲ' ಅಂತ ನಿಖರವಾಗಿ ಬರೆದು ಮೇಲ್ ಹಾಕಿ, 'ಐ ಆಮ್ ಇಂಟರೆಸ್ಟೆಡ್ ಇನ್ ಟಿಕ್ಸ್' ಅನ್ನೋ ಮೇಲ್‌ಗಿಂತ ಇದಕ್ಕೆ ಉತ್ತರ ಬರೋ ಚಾನ್ಸ್ ಜಾಸ್ತಿ. ಉಣ್ಣಿ ಹಿಡಿದು ಮನೆಯಲ್ಲಿ ಅಥವಾ ಕಾಲೇಜಿನ ಸಾಮಾನ್ಯ ಲ್ಯಾಬಲ್ಲಿ ಕಲ್ಚರ್ ಮಾಡೋ ಪ್ರಯತ್ನ ಬೇಡ, ಕಾಕ್ಸಿಯೆಲ್ಲಾ, ರಿಕೆಟ್ಸಿಯಾ ಥರದ್ದಕ್ಕೆ ಬಯೋಸೇಫ್ಟಿ ಲೆವೆಲ್ 3 ಲ್ಯಾಬೇ ಬೇಕು. ನಾಯಿ ಮೈಮೇಲೆ ಸಿಕ್ಕ ಉಣ್ಣಿನ ಉಗುರಲ್ಲಿ ಕುಟ್ಟಬೇಡಿ, ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆದು ತೆಗೆದು ಸ್ಪಿರಿಟ್ ಇರೋ ಬಾಟಲಿಗೆ ಹಾಕಿ.